ನರಿಬಾಲ ಕೀಳುತ್ತಿದ್ದ ಕಾಕ

ಕಾಕ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿದ್ದರು. ಚೌಕುಳಿ ಲುಂಗಿಯ ಮೇಲೆ ಅಂಗೈ ಅಗಲದ ಹಸಿರು ಬೆಲ್ಟು, ಆ ಬೆಲ್ಟಿಗೆ ಸಿಕ್ಕಿಸಿದ ದೊಡ್ಡ ಉಂಗುರ, ಅದರಲ್ಲಿ ಕ್ಯಾಂಪಿನ ಅಷ್ಟೂ ಕೋಣೆಗಳ ಬೀಗದ ಕೈಗಳು. ನಡೆದರೆ ಝಲ್ ಝಲ್ ಸದ್ದು. ಬಲಗೈ ಯಾವಾಗಲೂ ಆ ಗೊಂಚಲಿನ ಮೇಲೆಯೇ ಇರುತ್ತಿತ್ತು. ಬೆರಳುಗಳ ತುಂಬ ಬ್ಲೇಡಿನಿಂದ ಗೀರಿದಂಥ ಸಣ್ಣ ಗಾಯಗಳು, ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ನರ್ಸಾದ ನಾನು ಅವರಲ್ಲಿ ಮೊದಲು ನೋಡಿದ್ದೇ ಆ ಕೈಯನ್ನು.

"ಎಂತ ಕಾಕ, ಬೆಕ್ಕು ಸಾಕಿದ್ದೀರಾ?" ಎಂದು ಕೇಳಿದೆ.

"ಬೆಕ್ಕಲ್ಲ ಬಾಯಮ್ಮ, ನರಿ. ಹಿಂದೆ ಬಂದು ನೋಡಿ, ಎಷ್ಟು ಬಾಲ ಉಂಟು ಅಂತ."

ಅವರು ನಮ್ಮ ಕ್ಯಾಂಪ್ ಬಾಸ್. ಹೆಸರಿಗೆ ಬಾಸ್, ಕೆಲಸ ಮಾತ್ರ ನೀರಿನ ಟ್ಯಾಂಕು ತುಂಬಿದೆಯೇ, ಗ್ಯಾಸು ಬಂದಿದೆಯೇ, ಯಾರ ಮಂಚದ ತಿಗಣೆಗೆ ಯಾರು ಕಾರಣ ಎಂದು ನೋಡಿಕೊಳ್ಳುವುದು. ಅಬುಧಾಬಿ ಮುಗಿದು ಮರಳು ಶುರುವಾಗುವಲ್ಲಿ, ರಸ್ತೆಬದಿ ಗಿಡ ನೆಡುವ ಕಂಪನಿಯೊಂದರ ಕೆಲಸಗಾರರು ಉಳಿಯುವ ಜಾಗ ಅದು. ಕಾಕ ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು. ನಾನು ಮೂಡುಬೆಳ್ಳೆಯ ಕಡೆಯವಳು, ಮನೆಮಾತು ಕೊಂಕಣಿ. ನಾನಿರುವ ಖಲೀಫಾ ಸಿಟಿಯಿಂದ ಬೆಳಿಗ್ಗೆ ಕಂಪನಿಯ ಬಸ್ಸು ನನ್ನನ್ನು ಅಲ್ಲಿ ಇಳಿಸಿದರೆ ಸಂಜೆಯವರೆಗೆ ಬೇರೆ ದಾರಿಯಿಲ್ಲ. ಎಲ್ಲರಿಗೂ ನಾನು ಸಿಸ್ಟರ್. ಕ್ರೈಸ್ತ ಹೆಂಗಸರನ್ನು ಊರಿನವರು ಕರೆಯುವಂತೆ ಬಾಯಮ್ಮ ಎಂದು ಕರೆದವರು ಕಾಕ ಒಬ್ಬರೇ. ಅದಕ್ಕೇ ಅವರ ಜೊತೆ ನನಗೆ ಸಲಿಗೆ, ಸಲಿಗೆ ಇದ್ದಲ್ಲಿ ಜಗಳವೂ ಸಾಕಷ್ಟು.

ಕ್ಯಾಂಪಿನ ಸುತ್ತ ಆಳೆತ್ತರಕ್ಕೂ ಮಿಕ್ಕಿದ ತಗಡಿನ ಬೇಲಿ. ಒಳಗಿದ್ದವರಿಗೆ ಕಾಣುವುದು ಮೇಲಿನ ಆಕಾಶ ಮಾತ್ರ, ಬೇಸಗೆಯಲ್ಲಿ ಅದನ್ನೂ ನೋಡಲಾಗುವುದಿಲ್ಲ. ಎದುರಿಗೊಂದು ದೊಡ್ಡ ಗೇಟು. ಹಿಂದೆ, ನನ್ನ ಔಷಧಿ ಕೋಣೆಯ ಪಕ್ಕದಲ್ಲಿ, ಒಂದು ಸಣ್ಣ ಗೇಟು. ಕೊರೊನಾ ಕಾಲದಲ್ಲಿ ಆ ಸಣ್ಣ ಗೇಟಿಗೆ ಬೀಗ ಜಡಿದರಂತೆ. ಕೊರೊನಾ ಹೋಯಿತು, ಬೀಗ ಹೋಗಲಿಲ್ಲ. ಅದರ ಕೀಲಿ ಹೆಡ್ ಆಫೀಸಿನಲ್ಲಿ. ಹುಡುಗರು ಹಿಂದಿನಿಂದ ನುಸುಳಿ ಹೊರಗೆ ಕೆಲಸ ಮಾಡಿಯಾರು ಎಂಬುದು ಆಫೀಸಿನ ಹೆದರಿಕೆ. ಕೇಳಿದಾಗಲೆಲ್ಲ ನೋಡೋಣ ಎನ್ನುತ್ತಿದ್ದರು. ಸೊಂಟದ ಮೇಲೆ ಇಡೀ ಕ್ಯಾಂಪಿನ ಕೀಲಿ ಹೊತ್ತು ತಿರುಗುವ ಕಾಕನ ಹತ್ತಿರ ಅದೊಂದು ಇರಲಿಲ್ಲ.

ಇನ್ನು ನರಿ. ರಸ್ತೆಯ ನಡುವಿನ ಪಟ್ಟಿಯಲ್ಲಿ, ವಿಲ್ಲಾಗಳ ಮುಂದೆ ಅಲಂಕಾರಕ್ಕೆ ನೆಡುವ ಒಂದು ಹುಲ್ಲಿದೆ. ಬುಡ ಒತ್ತೊತ್ತಾಗಿ ಬೆಳೆದು, ತುದಿಯಲ್ಲಿ ನಸುಗೆಂಪು ಬಾಲದಂಥ ಹೂಗೊಂಚಲು ಬಿಡುತ್ತದೆ, ಕಾಕ ಅದನ್ನು ನರಿಬಾಲ ಎನ್ನುತ್ತಿದ್ದರು. ನಮ್ಮ ಹುಡುಗರು ದಿನವಿಡೀ ನೆಡುತ್ತಿದ್ದದ್ದು ಅದನ್ನೇ. ಬೀಜ ಅವರ ಪ್ಯಾಂಟಿಗೆ, ಸಾಕ್ಸಿಗೆ ಅಂಟಿ ಕ್ಯಾಂಪಿಗೆ ಬಂತು, ಬಟ್ಟೆ ಒಗೆದ ನೀರಿನ ಜೊತೆ ಹಿಂದಕ್ಕೆ ಹರಿಯಿತು, ಬೇಲಿಯುದ್ದಕ್ಕೂ ಬೇರು ಬಿಟ್ಟಿತು. ಮೇಲೆ ಹಸಿರು ಕಂಡರೂ ಬುಡದಲ್ಲಿ ಸತ್ತ ಎಲೆಗಳು ಉದುರದೆ ಒಣಗಿ ನಿಂತಿರುತ್ತವೆ. ಒಂದು ಕಿಡಿ ಸಾಕು. ಬರೀ ಮರಳಿಗೆ ಬೆಂಕಿ ಹಿಡಿಯುವುದಿಲ್ಲ, ಈ ಹುಲ್ಲು ಹಬ್ಬಿದ ಮರಳಿಗೆ ಹಿಡಿಯುತ್ತದೆ. ಒಮ್ಮೆ ರಸ್ತೆಬದಿಯಲ್ಲಿ ಅದು ಉರಿದದ್ದನ್ನು ಕಾಕ ಬಸ್ಸಿನಿಂದ ನೋಡಿದ್ದರು. ಅಂದಿನಿಂದ ಅವರಿಗೆ ನೆಮ್ಮದಿ ಇಲ್ಲ.

ದಿನಾ ಸಂಜೆ ಗೇಟಿನಲ್ಲಿ ಟಾರ್ಪಾಲು ಹಾಸಿ, ಕೈಯಲ್ಲಿ ಬ್ರಷ್ ಹಿಡಿದು ನಿಲ್ಲುತ್ತಿದ್ದರು. "ಯಲ್ಲಾ, ಪ್ಯಾಂಟ್ ಝಾಡೋ! ಪೆಹಲೆ ಪ್ಯಾಂಟ್, ಫಿರ್ ಖಾನಾ!" ಬಿಸಿಲಲ್ಲಿ ಬೆಂದು ಬಂದವರಿಗೆ ಊಟಕ್ಕೆ ಮೊದಲು ಪ್ಯಾಂಟಿನ ಬೀಜ ಕೊಡವುವುದು ತಲೆನೋವು. ಕ್ಯಾಂಪ್ ಬಾಸ್ ಅಲ್ಲ ಕಸ್ಟಮ್ಸ್ ಆಫೀಸರ್ ಎಂದು ಹಿಂದಿನಿಂದ ಬೈಯುತ್ತಿದ್ದರು. ನಾನೂ ಸಿಕ್ಕಿಬಿದ್ದೆ. ನಮ್ಮ ತೆನೆ ಹಬ್ಬಕ್ಕೆ ಇಲ್ಲಿ ಭತ್ತದ ತೆನೆ ಸಿಗುವುದು ಕಷ್ಟ. ದೇವಮಾತೆಯ ಮುಂದೆ ಇಡಲು ಚಂದವಾದೀತೆಂದು ನಾಲ್ಕು ನರಿಬಾಲ ಕೊಯ್ದು ಬ್ಯಾಗಿಗೆ ಹಾಕಿಕೊಂಡಿದ್ದೆ. ಬಸ್ಸು ಹತ್ತುವಾಗ ಕಾಕ ಕೈ ಹಾಕಿ ತೆಗೆದೇಬಿಟ್ಟರು.

"ದೇವರಿಗೆ ಕಾಕ!"

"ದೇವರಿಗೆ ಬೇರೆ ಹೂ ಇಲ್ವಾ? ನಿಮ್ಮ ಬಿಲ್ಡಿಂಗಿನ ಹಿಂದೆ ಇದು ಹುಟ್ಟಿದ್ರೆ ಕೀಳ್ಲಿಕ್ಕೆ ನಾನು ಬರುದಾ?"

ಕೀಳುವುದರಲ್ಲಿ ಅವರದೊಂದು ಕ್ರಮವಿತ್ತು. ಮೊದಲು ಬಾಲದ ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕತ್ತು ಕಟ್ಟುವುದು, ಒಂದು ಬೀಜವೂ ಹಾರಬಾರದು. ಆಮೇಲೆ ಪಿಕಾಸಿಯಿಂದ ಗಡ್ಡೆ ಸಮೇತ ಎಬ್ಬಿಸುವುದು. ಮೇಲಿಂದ ಕತ್ತರಿಸಿದರೆ ಎರಡರಷ್ಟು ಚಿಗುರುತ್ತದೆ. "ಬಾಲ ಕಡಿದ್ರೆ ನರಿ ಸಾಯ್ತದಾ ಬಾಯಮ್ಮ?" ಎನ್ನುತ್ತಿದ್ದರು. ಕಿತ್ತ ಮೇಲೂ ವಾರದಲ್ಲಿ ಮತ್ತೆ ಹುಟ್ಟುತ್ತಿತ್ತು. ಅದಕ್ಕೆ ಕಾರಣ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹಿಂದಿನ ಸಾಲಿನ ಏಸಿಗಳಿಂದ ತೊಟ್ಟಿಕ್ಕುವ ನೀರನ್ನೆಲ್ಲ ಪೈಪಿನಲ್ಲಿ ಕೂಡಿಸಿ, ಕಾಕ ನನ್ನ ಕಿಟಕಿಯ ಕೆಳಗೆ ಬಸಳೆ ಚಪ್ಪರ ಮಾಡಿದ್ದರು. ಆ ನೀರು ಕುಡಿದು ಬಸಳೆಯೂ ಬೆಳೆಯಿತು, ಹುಲ್ಲೂ ಬೆಳೆಯಿತು.

"ನೀರು ನಿಲ್ಲಿಸಿ ಕಾಕ. ಹುಲ್ಲು ತಾನಾಗಿ ಸಾಯ್ತದೆ."

ಅವರು ಜೋತುಬಿದ್ದ ಬಳ್ಳಿಯೊಂದನ್ನು ಎತ್ತಿ ಚಪ್ಪರಕ್ಕೆ ಹಬ್ಬಿಸಿದರು. "ಬಸಳೆ ಸತ್ರೆ ಈ ಮಕ್ಕಳಿಗೆ ಮತ್ತೆ ಎಂತ ಉಂಟು ಇಲ್ಲಿ?"

ಅದೂ ನಿಜವೇ. ರಜೆಯ ದಿನ ಒಣ ಸಿಗಡಿ ಹಾಕಿದ ಬಸಳೆ ಪದಾರ್ಥಕ್ಕೆ ನಮ್ಮ ಕರಾವಳಿಯ ಹುಡುಗರು ಜಗಳಾಡುತ್ತಿದ್ದರು. ಬಾಂಗ್ಲಾದವರಿಗೂ ಅದು ತಾಯಿಮನೆಯ ಸೊಪ್ಪು. ಅವರು ಅದನ್ನು ಪುಯಿ ಎನ್ನುತ್ತಾರೆ, ಮೀನಿನ ತಲೆ ಹಾಕಿ ಬೇಯಿಸುತ್ತಾರೆ. ತಗಡಿನ ಬೇಲಿಯೊಳಗೆ ಯಾರಾದರೂ ಕಂಪನಿಗೋಸ್ಕರವಲ್ಲದೆ ಬೆಳೆಸಿದ್ದು ಅದೊಂದೇ.

ಊರಿಗೆ ಹೋಗದೆ ಎಷ್ಟು ವರ್ಷವಾಯಿತೆಂದು ಕೇಳಿದರೆ ಕಾಕ ಲೆಕ್ಕ ಹೇಳುತ್ತಿರಲಿಲ್ಲ. ರಜೆಯ ಅರ್ಜಿ ಕೊಟ್ಟಾಗಲೆಲ್ಲ ಆಫೀಸಿನದು ಒಂದೇ ಉತ್ತರ, ನಿಮ್ಮ ಜಾಗಕ್ಕೆ ರಿಲೀವರ್ ಸಿಗಲಿ. ಮಗಳ ಮದುವೆಯನ್ನು ಅವರು ಫೋನಿನಲ್ಲಿ ನೋಡಿದ್ದು ನನ್ನ ಕೋಣೆಯ ಸ್ಟೂಲಿನ ಮೇಲೆ ಕೂತು.

"ಎಲ್ಲರ ಬೀಗ ತೆಗೆಯುವವರು ನೀವು. ನಿಮ್ಮ ಬೀಗ ತೆಗೆಯುವವರು ಯಾರು ಕಾಕ?" ಎಂದು ಆವತ್ತು ತಮಾಷೆಗೆ ಕೇಳಿದೆ. ಅವರು ನಗಲಿಲ್ಲ. ನನಗೂ ಆಮೇಲೆ ನಗು ಬರಲಿಲ್ಲ.

ಕಿತ್ತ ಹುಲ್ಲನ್ನು ಗೋಣಿಗಳಿಗೆ ತುಂಬಿ, ಸಾಗಿಸಲು ಲಾರಿ ಕಳಿಸಿ ಎಂದು ಆಫೀಸಿಗೆ ಹೇಳುತ್ತಲೇ ಇದ್ದರು. ಲಾರಿ ಬರಲಿಲ್ಲ. ಗೋಣಿಗಳು ಬೇಲಿಗೂ ಕೋಣೆಗಳಿಗೂ ನಡುವಿನ ಓಣಿಯಲ್ಲಿ ಸಾಲಾಗಿ ಕೂತವು. ನನ್ನ ಕೋಣೆಯಿಂದ ಎದುರಿನ ಗೇಟಿಗೆ ಹೋಗಲು ಇದ್ದದ್ದು ಆ ಓಣಿಯೊಂದೇ. ಎಷ್ಟೆಂದು ಕಾಯುವುದು? ಕೊನೆಗೆ ಕಾಕ ಬಂಟ್ವಾಳದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದರು. ಮೊದಲಿಗೆ ಒಂದೆರಡು ಗೋಣಿಯ ಹುಲ್ಲು ಸುರಿದು, ಬೇಲಿಯ ಪಕ್ಕದಲ್ಲೇ ಸುಡುಮಣ್ಣು ಮಾಡಿದರು. ಒಣಹುಲ್ಲು ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಸಣ್ಣಗೆ ಬೆಂಕಿ ಕೊಟ್ಟರೆ ಒಳಗೊಳಗೇ ಬೇಯುತ್ತದೆ. ಜ್ವಾಲೆ ಏಳುವುದಿಲ್ಲ, ಹೊಗೆ ಮಾತ್ರ. ಆ ಮಣ್ಣು ಹಾಕಿದರೆ ಬಸಳೆ ನಾಲ್ಕೇ ದಿನಕ್ಕೆ ಎದ್ದು ನಿಲ್ಲುತ್ತದೆ. ಹುಲ್ಲೂ ಮುಗಿಯಿತು, ಗೊಬ್ಬರವೂ ಆಯಿತು ಎಂದು ಅವರ ಲೆಕ್ಕ. ಬೆಂಕಿಗೆ ಅಷ್ಟು ಹೆದರುತ್ತಿದ್ದ ಮನುಷ್ಯ ಸುಡುಮಣ್ಣನ್ನು ಬೆಂಕಿ ಎಂದು ಎಣಿಸಿಯೇ ಇರಲಿಲ್ಲ. ನಾನಾಗಿದ್ದರೂ ಎಣಿಸುತ್ತಿರಲಿಲ್ಲ.

ಅದು ರಜೆಯ ಮಧ್ಯಾಹ್ನ. ಕ್ಯಾಂಪು ಉಂಡು ಮಲಗಿತ್ತು. ನನ್ನ ಕೋಣೆಯಲ್ಲಿ ಜ್ವರದ ಹುಡುಗನೊಬ್ಬ, ಕಣ್ಣಿಗೆ ಮರಳು ಬಿದ್ದವನೊಬ್ಬ. ಕಿಟಕಿಯಿಂದ ಸುಡುಮಣ್ಣಿನ ವಾಸನೆ ಬಂತು. ಎಷ್ಟೋ ವರ್ಷಗಳ ಮೇಲೆ ಆ ವಾಸನೆ! ಅಮ್ಮನ ತರಕಾರಿ ಸಾಲು ಕಣ್ಣ ಮುಂದೆ ಬಂದು, ಖುಷಿಯಿಂದ ಮೂಗರಳಿಸಿ ನಿಂತೆ. ಅಷ್ಟರಲ್ಲಿ ಗಾಳಿ ಎದ್ದಿತು. ಮರಳು ಮಣ್ಣಿನ ಹಾಗೆ ಕೂರುವುದಿಲ್ಲ, ಜಾರುತ್ತದೆ. ರಾಶಿಯ ಹೊದಿಕೆ ಜಾರಿ, ಒಳಗಿನ ಕೆಂಡ ಬಾಯಿ ಬಿಟ್ಟಿತು. ನಾನು ಬಾಗಿಲು ತೆಗೆಯುವಷ್ಟರಲ್ಲಿ ಬೇಲಿಯ ಹುಲ್ಲು ಚಟಚಟ ಉರಿಯುತ್ತಿತ್ತು, ಓಣಿಯ ಗೋಣಿಗಳಿಗೂ ಹಿಡಿದಿತ್ತು. ಮುಂದೆ ಬೆಂಕಿ. ಹಿಂದೆ ಬೀಗ ಜಡಿದ ಗೇಟು. ಕಿಟಕಿಗೆ ಕಬ್ಬಿಣದ ಸರಳು. ಮೂವರು ಅಲ್ಲೇ ನಿಂತೆವು. ನನ್ನ ಮಗಳ ಮುಖ ನೆನಪಾಯಿತು, ಪ್ರಾರ್ಥನೆ ನೆನಪಾಗಲಿಲ್ಲ.

ಹೊಗೆಯೊಳಗಿಂದ ಝಲ್ ಝಲ್ ಕೇಳಿತು. ಹೊಗೆ ದಾಟಿ ನಮ್ಮ ಕಡೆಗೆ ಬಂದಿದ್ದ ಕಾಕ ಪಿಕಾಸಿ ಎತ್ತಿ ಹಿಂದಿನ ಗೇಟಿನ ಬೀಗಕ್ಕೆ ಬಡಿಯುತ್ತಿದ್ದರು. ಪ್ರತಿ ಪೆಟ್ಟಿಗೂ ಸೊಂಟದ ಕೀಲಿಗಳು ಕುಣಿಯುತ್ತಿದ್ದವು. ಅಷ್ಟು ಕೀಲಿಗಳಲ್ಲಿ ಬೇಕಾದ ಒಂದು ಇಲ್ಲ. ಬೀಗ ಮುರಿದರೂ ಗೇಟು ಕದಲಲಿಲ್ಲ, ಬುಡದಲ್ಲಿ ಮರಳು ಕಟ್ಟಿ, ನರಿಬಾಲದ ಗಡ್ಡೆ ಹೆಣೆದುಕೊಂಡಿತ್ತು. ಕಾಕ ಮೊಣಕಾಲೂರಿ, ಉರಿ ಹತ್ತಿದ್ದ ಆ ಗಡ್ಡೆಯನ್ನು ಬರಿಗೈಯಲ್ಲಿ ಕಿತ್ತು ಎಸೆದರು. ಗೇಟು ಒಂದಾಳು ಅಡ್ಡಡ್ಡ ತೂರುವಷ್ಟು ತೆರೆಯಿತು. "ಹೋಗಿ ಬಾಯಮ್ಮ, ಹೋಗಿ!" ನಾವು ಮೂವರು ಹೊರಬಿದ್ದೆವು. ಅವರು ಒಳಗೇ ನಿಂತು ಹಿಂದಿನ ಸಾಲಿನ ಬಾಗಿಲುಗಳನ್ನು ಬಡಿದರು, ನಿದ್ದೆಗಣ್ಣಿನ ಹುಡುಗರು ಒಬ್ಬೊಬ್ಬರಾಗಿ ಅದೇ ಸಂದಿಯಿಂದ ಹೊರಬಂದರು. ಕೊನೆಗೆ ಕಾಕ ಬಂದರು.

ದೇವರ ದಯೆ, ಯಾರೂ ಸಾಯಲಿಲ್ಲ. ಬಸಳೆ ಚಪ್ಪರ ಸುಟ್ಟು ಕರಕಾಯಿತು. ಹೊರಗಿನ ಮರಳಿನಲ್ಲಿ ಕೂತು ಅವರ ಕೈಗಳಿಗೆ ಬ್ಯಾಂಡೇಜು ಸುತ್ತಿದೆ. ಅವರು ನನ್ನನ್ನು ನೋಡಲಿಲ್ಲ.

"ಇಲ್ಲಿಯದ್ದು ಮಣ್ಣಲ್ಲ ಅಂತ ಮರ್ತೇ ಹೋಯ್ತು ಬಾಯಮ್ಮ" ಎಂದರು.

ಮರುದಿನ ವಿಚಾರಣೆ. ಆಫೀಸಿನ ದೊಡ್ಡವರು ಬಂದರು, ಅಗ್ನಿಶಾಮಕದ ಅಧಿಕಾರಿಗಳೂ ಬಂದರು. ಹೊರಗಿನವರು ಯಾರೋ ಸಿಗರೇಟು ಎಸೆದರು ಎಂದು ಹೇಳಲು ಹುಡುಗರೆಲ್ಲ ಮಾತಾಡಿಕೊಂಡಿದ್ದರು, ದಿನಾ ಪ್ಯಾಂಟು ಝಾಡಿಸಿಕೊಂಡು ಬೈದವರೇ. ಕಾಕ ಒಪ್ಪಲಿಲ್ಲ. "ಉಪ್ಪು ತಿಂದವ ನೀರು ಕುಡಿಯಬೇಕು" ಎಂದು ನನಗೆ ಹೇಳಿ ಒಳಗೆ ಹೋದರು. ಒಳಗೆ ಹಿಂದಿಯಲ್ಲಿ ಹೇಳಿದ್ದು ಇಷ್ಟೇ: "ಬೆಂಕಿ ಇಟ್ಟವ ನಾನು, ಬರೆದುಕೊಳ್ಳಿ. ಬೀಗ ಹಾಕಿದವರು ಯಾರು ಅಂತಲೂ ಬರೆದುಕೊಳ್ಳಿ."

ಆ ಕೋಣೆಯಲ್ಲಿ ನಾನೂ ಇದ್ದೆ. ಆಫೀಸಿನವರ ಮುಖ ನೋಡಿದೆ. ಜೀವನದಲ್ಲಿ ಅಷ್ಟು ಸಂತೋಷವಾದದ್ದು ಕಡಿಮೆ.

ಹಿಂದಿನ ಗೇಟಿಗೆ ಇನ್ನು ಬೀಗ ಹಾಕಕೂಡದೆಂದು ಅಧಿಕಾರಿಗಳ ಕಟ್ಟಪ್ಪಣೆಯಾಯಿತು. ಹುಲ್ಲು ಸಾಗಿಸಲು ಲಾರಿಯೂ ಬಂತು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಕಾಕನ ವೀಸಾ ಕ್ಯಾನ್ಸಲ್ ಆಯಿತು. ಇಷ್ಟು ವರ್ಷ ಸಿಗದ ರಿಲೀವರ್ ಒಂದೇ ವಾರದಲ್ಲಿ ಸಿಕ್ಕಿದ. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಹೊರಡುವ ದಿನ ಕಾಕ ನನ್ನ ಬಾಗಿಲಿಗೆ ಬಂದು ನಿಂತಿದ್ದರೂ ನನಗೆ ತಿಳಿಯಲಿಲ್ಲ. ಬೆಲ್ಟು ಖಾಲಿಯಾಗಿತ್ತು, ಸದ್ದೇ ಇರಲಿಲ್ಲ.

"ಖಲಾಸ್ ಬಾಯಮ್ಮ" ಎಂದರು. "ಊರಿಗೆ ಬಂದಾಗ ಬನ್ನಿ. ಒಳ್ಳೆ ಮಣ್ಣಿನ ಬಸಳೆ ತಿನ್ನಿಸ್ತೇನೆ."

ಊರಿನಿಂದ ಆಗಾಗ ವಾಯ್ಸ್ ಮೆಸೇಜ್ ಬರುತ್ತಿತ್ತು. ಮೊಮ್ಮಗಳ ಸುದ್ದಿ, ಸಕ್ಕರೆ ಕಾಯಿಲೆಯ ಸುದ್ದಿ, ಎಲ್ಲದರ ಕೊನೆಗೆ ಅದೇ ಪ್ರಶ್ನೆ: "ಗೇಟಿಗೆ ಬೀಗ ಇಲ್ಲ ಅಲ್ವಾ ಬಾಯಮ್ಮ?" ಇಲ್ಲ ಕಾಕ ಎಂದು ನಾನು ಉತ್ತರಿಸುತ್ತಿದ್ದೆ. ಈ ವರ್ಷ ರಜೆಯಲ್ಲಿ ಬಂಟ್ವಾಳಕ್ಕೆ ಹೋಗುವುದೆಂದು ಗಟ್ಟಿ ಮಾಡಿದ್ದೆ. ಅರ್ಜಿ ಕೊಟ್ಟೆ. "ರಿಲೀವರ್ ನರ್ಸ್ ಸಿಗಲಿ ಸಿಸ್ಟರ್" ಎಂದರು. ಮತ್ತೊಮ್ಮೆ ಕೊಟ್ಟೆ. ಅದೇ ಮಾತು. ಆ ನಡುವೆ ಒಂದು ಬೆಳಿಗ್ಗೆ ಹುಡುಗರ ಫೋನುಗಳಲ್ಲಿ ಸುದ್ದಿ ಬಂತು, ನಮಾಜಿಗೆ ಎದ್ದ ಕಾಕ ಕುಸಿದುಬಿದ್ದರಂತೆ, ಆಸ್ಪತ್ರೆಗೆ ಮುಟ್ಟಲಿಲ್ಲವಂತೆ. ನಾನು ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಮಧ್ಯಾಹ್ನ ಹಿಂದಕ್ಕೆ ಹೋದೆ. ಸುಟ್ಟ ಜಾಗದಲ್ಲಿ ಎಲ್ಲಕ್ಕಿಂತ ಮೊದಲು ಚಿಗುರಿದ್ದು ಆ ಹುಲ್ಲೇ. ಗೇಟಿನ ಬುಡದಲ್ಲೇ ಒಂದು ಗಡ್ಡೆ ಎದ್ದು ಬಾಲ ಬಿಟ್ಟಿತ್ತು. ಔಷಧಿಯ ಚೀಲವನ್ನು ಬಾಲದ ಮೇಲೆ ಮುಚ್ಚಿ ಕಟ್ಟಿದೆ. ಕಾಕನ ಪಿಕಾಸಿಯಿಂದ ಬುಡ ಎಬ್ಬಿಸಿದೆ. ಬೆರಳು ಗೀರಿ ರಕ್ತ ಬಂತು. ಆಮೇಲೆ ಗೇಟನ್ನು ತಳ್ಳಿದೆ. ಅದು ಪೂರ್ತಿ ತೆರೆಯಿತು.

"ಇಲ್ಲ ಕಾಕ" ಎಂದೆ ಗಟ್ಟಿಯಾಗಿ. "ಬೀಗ ಇಲ್ಲ."