ಬುಧವಾರದ ಹೂಕೋಸಿನ ಪಾಠ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಇಂಗ್ಲೆಂಡಿನ ಲಿಂಕನ್‌ಶೈರ್‌ನ ಬಾಸ್ಟನ್ ಪಟ್ಟಣದಾಚೆ, ಸಮುದ್ರದ ಕಡೆಗೆ ಚಾಪೆ ಹಾಸಿದ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡಿರುವ ಹೊಲದ ಅಂಚಿನಲ್ಲಿ ಗ್ಲೆಂಡಾ ಡ್ರಿಂಗ್ ಮಂಡಿಯೂರಿ ಕೂತು ಎಂಟು ಚಾಕುಗಳನ್ನು ಸಾಣೆ ಹಿಡಿಯುತ್ತಿದ್ದಾರೆ. ಪ್ರತಿ ಚಾಕುವಿನ ಅಲಗನ್ನೂ ಹೆಬ್ಬೆರಳ ಉಗುರಿನ ಮೇಲಿಟ್ಟು ನೋಡುತ್ತಾರೆ. ಅಲಗು ಜಾರಿತೋ, ಮತ್ತೆ ಕಲ್ಲಿಗೆ.

"ಟೀಗನ್, ಕೈಗವಸು ಎಲ್ಲಿ ಮರಿ?"

"ಒಣಗಿಲ್ಲ ಮಿಸ್. ನಿನ್ನೆ ಮಳೇಲಿ ನೆಂದಿತ್ತಲ್ಲ."

"ರಾತ್ರಿನೇ ಹಳೇ ಪೇಪರ್ ತುರುಕಿಡು ಅಂದಿದ್ದೆ. ಕಿವಿಗೇನು ಹತ್ತಿ ಇಟ್ಕೊಂಡಿದ್ಯಾ? ತಗೋ, ನಂದು ಹಾಕ್ಕೋ."

ಟ್ರ್ಯಾಕ್ಟರು ಗುರ್ರೆಂದು ಹೊರಡುತ್ತದೆ. ಅದರ ಹಿಂದೆ ಎಂಟು ಜನ ಸಾಲಾಗಿ ಬಗ್ಗುತ್ತಾರೆ. ಇಬ್ಬನಿಯಲ್ಲಿ ತೊಯ್ದ ಎಲೆಗಳನ್ನು ಎಡಗೈಯಿಂದ ಸರಿಸಿ, ಹೂವಿನ ಬಿಳುಪು ನೋಡಿ, ಬುಡಕ್ಕೆ ಒಂದೇಟು, ಎಲೆಯ ತುದಿಗೆ ಇನ್ನೊಂದೇಟು. ಹೂಕೋಸು ಟ್ರ್ಯಾಕ್ಟರಿನ ತಟ್ಟೆಗೆ ಹೋಗಿ ಕೂರುವ ಹೊತ್ತಿಗೆ ಕಾಲು ಮುಂದಿನ ಗಿಡದ ಮುಂದಿರಬೇಕು. ಮಧ್ಯಾಹ್ನ ಎರಡರೊಳಗೆ ಈ ಎಂಟು ಜನ ಏಳು ಸಾವಿರ ಹೂಕೋಸು ಕತ್ತರಿಸುತ್ತಾರೆ. ಅವರಲ್ಲಿ ಆರು ಜನ ಲಿಥುವೇನಿಯಾ, ಬಲ್ಗೇರಿಯಾ ಕಡೆಯಿಂದ ಬಂದವರು. ಉಳಿದ ಇಬ್ಬರು ಇದೇ ಊರಿನವರು. ಒಬ್ಬಳು ಹದಿನೇಳರ ಟೀಗನ್, ಇನ್ನೊಬ್ಬರು ಐವತ್ತೊಂಬತ್ತರ ಗ್ಲೆಂಡಾ.

ಈ ತಂಡದ ಮುಂದಾಳು ಗ್ಲೆಂಡಾ. ವಾರದಲ್ಲಿ ನಾಲ್ಕು ದಿನ ಹೊಲ. ಬುಧವಾರ ಮಾತ್ರ ಮಣ್ಣಿನ ಬೂಟು ಕಳಚಿಟ್ಟು ಊರಿನ ಶಾಲೆಗೆ ಪಾಠ ಮಾಡಲು ಹೋಗುತ್ತಾರೆ. ಹದಿನಾರಕ್ಕೇ ಶಾಲೆ ಬಿಟ್ಟ ಹೆಂಗಸು ಅವರು. ಒಂದೇ ಒಂದು ಪ್ರಮಾಣಪತ್ರವೂ ಅವರ ಬಳಿ ಇಲ್ಲ.

ಇಪ್ಪತ್ತು ವರ್ಷದ ಹಿಂದೆ ಈ ಹೊಲಗಳಲ್ಲಿ ಊರಿನ ಹೆಂಗಸರದೇ ಗುಂಪುಗಳಿದ್ದವು. ಪೂರ್ವ ಯುರೋಪಿನ ದೇಶಗಳಿಂದ ಬಸ್ಸುಗಟ್ಟಲೆ ಜನ ಬರತೊಡಗಿದ ಮೇಲೆ ಊರಿನವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಗ್ಲೆಂಡಾ ಒಬ್ಬರೇ ಉಳಿದರು. ಆ ವರ್ಷ ಬಂದು ಒಂದೆರಡು ತಿಂಗಳಷ್ಟೇ ಆಗಿದ್ದ, ಪಕ್ಕದ ಸಾಲಿನ ದಾನುಟೆ ಎಂಬ ಲಿಥುವೇನಿಯಾದ ಹೆಂಗಸು ಎರಡು ಕತ್ತರಿಸುವಷ್ಟರಲ್ಲಿ ಇವರದು ಒಂದೇ ಆಗುತ್ತಿತ್ತು. ಅದೂ ದಾನುಟೆ ಊರಲ್ಲಿ ಹಾಲಿನ ಡೇರಿಯ ಕಚೇರಿಯಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡಿ ಬಂದವರು. ಹೂಕೋಸಿನ ಗಿಡವನ್ನೇ ಕಂಡವರಲ್ಲ.

"ಹೊಟ್ಟೆ ಉರೀತಿತ್ತು, ಸುಳ್ಳು ಯಾಕೆ ಹೇಳ್ಲಿ?" ಎನ್ನುತ್ತಾರೆ ಗ್ಲೆಂಡಾ. "ಹುಟ್ಟಿದಾಗಿಂದ ಇದೇ ಮಣ್ಣು ತುಳಿದೋಳು ನಾನು. ಮೊನ್ನೆ ಬಂದೋಳು ನನ್ನ ಹಿಂದೆ ಹಾಕ್ತಾಳೆ ಅಂದ್ರೆ? ಒಂದು ವಾರ ಮುಖ ಊದಿಸ್ಕೊಂಡು ಕೂತೆ. ಆಮೇಲೆ ಒಂದಿನ ಊಟದ ಹೊತ್ತಲ್ಲಿ ಅವಳ ಪಕ್ಕ ಹೋಗಿ ಕೂತು ಕೇಳೇಬಿಟ್ಟೆ: ಅದು ಹೆಂಗೆ ಮಾಡ್ತೀಯ, ತೋರ್ಸು."

ದಾನುಟೆ ತೋರಿಸಿದರು. ಭುಜ ಬೀಸಬಾರದು, ಮಣಿಕಟ್ಟು ಮಾತ್ರ ತಿರುಗಬೇಕು. ಚಾಕು ಗಂಟೆಗೊಮ್ಮೆ ಕಲ್ಲು ಕಾಣಬೇಕು. ರಾತ್ರಿ ಒಂಬತ್ತಕ್ಕೆ ನಿದ್ದೆ. ಬದಲಿಗೆ ಗ್ಲೆಂಡಾ ಊರಿನ ಡಾಕ್ಟರ ಬಳಿ ಹೆಸರು ನೋಂದಾಯಿಸುವ ಅರ್ಜಿ ತುಂಬಿಕೊಟ್ಟರು, ದಾನುಟೆಯ ಹದಿನೈದರ ಮಗಳನ್ನು ಶಾಲೆಗೆ ಸೇರಿಸಿದರು. ಮನೆಯಲ್ಲಿ ಗಂಡ ರಾಯ್ ಮಾತ್ರ ಚುಚ್ಚುತ್ತಲೇ ಇದ್ದರು: "ನಿನ್ನ ಅನ್ನ ಕಿತ್ಕೊಂಡೋರ ಜತೆಗೇ ಕೂತು ಉಣ್ತೀಯಲ್ಲ, ನಾಚಿಕೆ ಆಗಲ್ವಾ?" ಅದಕ್ಕೆ ಇವರ ಉತ್ತರ: "ಅವಳ ಕ್ಯಾರೆಟ್ ಕೇಕು ನಿನ್ನ ಸ್ಯಾಂಡ್‌ವಿಚ್‌ಗಿಂತ ಚೆನ್ನಾಗಿರತ್ತೆ, ಸುಮ್ನಿರು."

ಪಾಠ ಶುರುವಾದದ್ದು ಎರಡು ವರ್ಷದ ಹಿಂದಿನ ಒಂದು ಜಗಳದಿಂದ. ಊರಿನ ಸಭಾಭವನದಲ್ಲಿ ಹುಡುಗರಿಗೆ ಕೆಲಸವಿಲ್ಲ ಎಂಬ ಬಗ್ಗೆ ಸಭೆ ಸೇರಿತ್ತು. ಹೊಲದ ಮ್ಯಾನೇಜರ್ ಕ್ಲೇಪೋಲ್ ಎದ್ದು ನಿಂತು, "ನಿಮ್ಮ ಶಾಲೆಯಿಂದ ಬಂದ ಮಕ್ಕಳು ಹತ್ತು ಗಂಟೆ ಟೀಗೆ ಅಂತ ಹೋದ್ರೆ ವಾಪಸ್ ಬರಲ್ಲ. ಹೊರಗಿಂದ ಬಂದೋರ ಮುಂದೆ ಇವರು ನಿಲ್ಲೋದುಂಟಾ?" ಎಂದರು. ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯುತ್ತಾರೆ ಎಂದು ಮುಖ್ಯೋಪಾಧ್ಯಾಯಿನಿ ಪರೀಕ್ಷೆಯ ಫಲಿತಾಂಶದ ಹಾಳೆ ತೆಗೆದು ಓದಿದರು. ಹಿಂದಿನ ಸಾಲಿನಿಂದ ಗ್ಲೆಂಡಾ ಎದ್ದರು.

"ಇಬ್ರೂ ಸರಿಯಾಗೇ ಹೇಳ್ತಿದೀರ. ಆದ್ರೆ ಈ ಮಕ್ಕಳ ಕೈಗೆ ಚಾಕು ಕೊಟ್ಟು, ಹಿಂಗೆ ಹಿಡ್ಕೋ ಅಂತ ಹೇಳಿದೋರು ಯಾರಾದ್ರೂ ಇದೀರಾ?"

"ಶಾಲೆಗೆ ಚಾಕು ತಗೊಂಡು ಹೋದ್ರೆ ಪೊಲೀಸ್ ಬರ್ತಾರೆ ಗ್ಲೆಂಡಾ!" ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದು ನಕ್ಕಿತು. ನಗದೆ ಇದ್ದವರು ಮುಖ್ಯೋಪಾಧ್ಯಾಯಿನಿ. ಮರುದಿನವೇ ಅವರು ಫೋನ್ ಮಾಡಿ ಬುಧವಾರದ ಒಂದು ಗಂಟೆ ಬಿಟ್ಟುಕೊಟ್ಟರು. ಚಾಕು ಮಾತ್ರ ಬೇಡ ಎಂದರು.

ಹಾಗಾಗಿ ಹನ್ನೆರಡು ಮಕ್ಕಳು ಹೂಕೋಸು ಕತ್ತರಿಸಲು ಕಲಿತದ್ದು ಅಡುಗೆ ಕೋಣೆಯ ಮರದ ಸೌಟಿನಲ್ಲಿ. ಮೊದಲ ಪಾಠ ಅದೂ ಅಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಗ್ಲೆಂಡಾಗೆ ಒಂದು ಸಂದೇಶ ಕಳಿಸುವುದು, ಅಷ್ಟೇ. ಮೊದಲ ವಾರ ಮೂರು ಬಂದವು, ಕ್ರಿಸ್‌ಮಸ್ ಹೊತ್ತಿಗೆ ಒಂಬತ್ತು. ಎರಡನೆಯ ಪಾಠ ಒಂದು ಲಿಥುವೇನಿಯನ್ ಮಾತು: "ನೆಸುಪ್ರಂಟು, ಪರೋದಿಕ್." ಗೊತ್ತಾಗಲಿಲ್ಲ, ತೋರಿಸು ಎಂದರ್ಥ.

"ಶಾಲೇಲಿ ಗೊತ್ತಿಲ್ಲ ಅಂದ್ರೆ ಅಂಕ ಹೋಗತ್ತೆ. ಹೊಲದಲ್ಲಿ ಗೊತ್ತಿಲ್ಲ ಅನ್ನದಿದ್ರೆ ಬೆರಳು ಹೋಗತ್ತೆ," ಎನ್ನುತ್ತಾರೆ ಗ್ಲೆಂಡಾ. "ಪರದೇಶದಿಂದ ಬಂದೋರು ಕೇಳೋಕೆ ನಾಚ್ಕೊಳಲ್ಲ. ನಮ್ಮ ಮಕ್ಕಳು ನಾಚ್ಕೊಂಡು, ಹೇಳ್ದೆ ಕೇಳ್ದೆ ಮನೆಗೆ ಹೋಗ್ತವೆ. ಸೋಮಾರಿಗಳು ಅಂತ ಹೆಸರು ಬರತ್ತೆ."

ಕಳೆದ ಜುಲೈನಲ್ಲಿ ಪರೀಕ್ಷೆ ಮುಗಿಸಿದ ಆರು ಮಕ್ಕಳನ್ನು ಕರೆದುಕೊಂಡು ಗ್ಲೆಂಡಾ ಕ್ಲೇಪೋಲ್ ಮುಂದೆ ನಿಂತರು. ಅವರು ಒಂದು ವಾರ ಕೊಟ್ಟರು. ಶುಕ್ರವಾರದ ದಿನ ನಾಲ್ಕು ಸಾವಿರ ಹೂಕೋಸು ಏಳಬೇಕು. ಇಲ್ಲದಿದ್ದರೆ ಆ ಹೊಲ ಗುತ್ತಿಗೆಯ ತಂಡಕ್ಕೆ, ಊರಿನ ಮಕ್ಕಳ ಮಾತು ಮತ್ತೆ ಎತ್ತುವ ಹಾಗಿಲ್ಲ.

ಸೋಮವಾರ ಸಾವಿರದ ಒಂಬೈನೂರು ಎದ್ದವು. ಮಂಗಳವಾರ ಒಬ್ಬ ಬರಲಿಲ್ಲ. ಬುಧವಾರ ಮಳೆಗೆ ಇನ್ನೊಬ್ಬಳು ಬದುವಿನ ಮೇಲೆ ಕೂತು ಅತ್ತು, ಅಮ್ಮನ ಕಾರು ಹತ್ತಿ ಹೋದಳು. ಟೀಗನ್‌ಳ ಅಂಗೈ ಬೊಬ್ಬೆ ಒಡೆದಿತ್ತು. "ಮಿಸ್, ನಾಳೆ ನಾನೂ ಬರಲ್ಲ ಅನ್ಸತ್ತೆ," ಎಂದಳು. ಗ್ಲೆಂಡಾ ಕೈಗೆ ಪಟ್ಟಿ ಸುತ್ತುತ್ತ, "ಬರದಿದ್ರೆ ಬೈಯಲ್ಲ. ಐದಕ್ಕೆ ಮೆಸೇಜ್ ಮಾತ್ರ ಕಳ್ಸು," ಎಂದರು. ಮರುದಿನ ಐದಕ್ಕೆ ಎರಡು ನಿಮಿಷ ಇರುವಾಗಲೇ ಬಂತು: ಹೊರಟೆ.

ಶುಕ್ರವಾರ ನಾಲ್ಕು ಮಕ್ಕಳು ಮತ್ತು ಗ್ಲೆಂಡಾ ಸೇರಿ ಎತ್ತಿದ್ದು ಮೂರು ಸಾವಿರದ ಆರುನೂರು. ನಾನೂರು ಕಡಿಮೆ. ಕ್ಲೇಪೋಲ್ ಹಾಳೆ ನೋಡಿ ತಲೆಯಾಡಿಸಿದರು. "ಕ್ಷಮಿಸಿ ಗ್ಲೆಂಡಾ. ಮಾತು ಅಂದ್ರೆ ಮಾತು."

ಆಗ ಪಕ್ಕದ ಹೊಲದಿಂದ ದಾನುಟೆ ಬಂದರು. ಈಗ ಅವರು ಆ ಹೊಲದ ತಂಡದ ಮುಖ್ಯಸ್ಥೆ. ಕ್ಲೇಪೋಲ್ ಎದುರು ನಿಂತು ಮಾತಾಡುವ ಗತ್ತು ಇದ್ದವರು.

"ನನ್ನ ಮೊದಲನೇ ವಾರ ನಿಮಗೆ ಗೊತ್ತಿಲ್ಲ, ನೀವು ಆಗ ಇರ್ಲಿಲ್ಲ," ಎಂದರು. "ಈ ಮಕ್ಕಳ ಅರ್ಧಾನೂ ಕತ್ತರಿಸ್ಲಿಲ್ಲ ನಾನು. ಶೌಚಾಲಯದಲ್ಲಿ ಬಾಗಿಲು ಹಾಕ್ಕೊಂಡು ಅಳ್ತಿದ್ದೆ. ಯಾಕೆ ಉಳಿದೆ ಗೊತ್ತಾ? ಮನೆ ದೂರ ಇತ್ತು. ಓಡಿ ಹೋಗೋಕೆ ದಾರಿ ಇರ್ಲಿಲ್ಲ. ಈ ಮಕ್ಕಳ ಮನೆ ನೋಡಿ, ಅಲ್ಲೇ ಕಾಣ್ತಿದೆ. ಹೊಲದಲ್ಲಿ ನಿಂತ್ರೆ ಅವರಮ್ಮ ಒಣ ಹಾಕಿದ ಬಟ್ಟೆ ಕಾಣತ್ತೆ. ಆದ್ರೂ ಉಳಿದವ್ರೆ. ಅದು ನನಗಿಂತ ಕಷ್ಟ ಸಾರ್."

ಕ್ಲೇಪೋಲ್ ರಸ್ತೆಯಾಚೆಯ ಮನೆಗಳತ್ತ ಒಮ್ಮೆ ನೋಡಿದರು, ಪಟ್ಟಿ ಸುತ್ತಿದ ಟೀಗನ್‌ಳ ಕೈಯನ್ನೂ ನೋಡಿದರು. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, "ಸೋಮವಾರ ಆರಕ್ಕೆ. ತಡ ಆದ್ರೆ ನಾನು ಮನುಷ್ಯ ಅಲ್ಲ," ಎಂದು ಹೊರಟುಹೋದರು.

ಆ ನಾಲ್ವರಲ್ಲಿ ಹೊಲದಲ್ಲಿ ಉಳಿದವಳು ಟೀಗನ್ ಒಬ್ಬಳೇ. ಗ್ಲೆಂಡಾ ಅದನ್ನು ಮುಚ್ಚಿಡುವುದಿಲ್ಲ. ಒಬ್ಬ ಹುಡುಗ ವಿದ್ಯುತ್ ಕೆಲಸ ಕಲಿಯಲು ಸೇರಿದ್ದಾನೆ, ಇನ್ನೊಬ್ಬ ಬಂದರಿನಲ್ಲಿದ್ದಾನೆ, ಒಬ್ಬಳು ನರ್ಸಿಂಗ್ ಓದುತ್ತಿದ್ದಾಳೆ. "ಎಲ್ರೂ ಹೂಕೋಸೇ ಕಡೀಲಿ ಅಂತ ನನಗೇನು ಹಟ ಇಲ್ಲ. ಆ ವಿದ್ಯುತ್ ಹುಡುಗನ ಯಜಮಾನ ಫೋನ್ ಮಾಡಿದ್ದ. ಇವನು ನನಗಿಂತ ಮುಂಚೆ ಬಾಗಿಲಲ್ಲಿ ನಿಂತಿರ್ತಾನಲ್ಲ, ಯಾರು ಕಲಿಸಿದ್ದು ಅಂತ ಕೇಳ್ದ." ಎನ್ನುತ್ತ ಅವರು ಸಾಣೆಕಲ್ಲನ್ನು ಒರೆಸುತ್ತಾರೆ. ಮುಖದಲ್ಲಿ ನಗು ಅಡಗುವುದಿಲ್ಲ.

ಈ ವರ್ಷ ಬುಧವಾರದ ತರಗತಿಗೆ ಇಪ್ಪತ್ತಾರು ಹೆಸರು ಬಂದಿವೆ. ದಾನುಟೆಯ ಮೊಮ್ಮಗಳೂ ಅದರಲ್ಲಿದ್ದಾಳೆ. ಅವಳಿಗೂ ಐದಕ್ಕೆ ಏಳಲು ಆಗುವುದಿಲ್ಲವಂತೆ. ಈ ಊರಲ್ಲೇ ಹುಟ್ಟಿದವಳಲ್ಲವೇ!

ನಿಮಗೆ ಇನ್ನೇನು ಬೇಕು ಎಂದು ಕೇಳಿದರೆ ಗ್ಲೆಂಡಾ ಒಂದು ಚೀಟಿಯ ಮಾತು ತೆಗೆಯುತ್ತಾರೆ. ಶಾಲೆಯ ಬಾಗಿಲಲ್ಲಿ ಪ್ರತಿ ಬುಧವಾರ ಅವರ ಎದೆಗೆ 'ಸಂದರ್ಶಕರು' ಎಂಬ ಕಾಗದದ ಚೀಟಿ ಅಂಟಿಸುತ್ತಾರೆ. ಸಂಜೆ ಕೋಟಿನಿಂದ ಕಿತ್ತರೆ ಉಣ್ಣೆಯೂ ಕಿತ್ತು ಬರುತ್ತದೆ.

"ಉಳಿದ ಮೇಷ್ಟ್ರುಗಳಿಗೆ ಕೊರಳಿಗೆ ಹಾಕ್ಕೊಳೋ ಬಿಲ್ಲೆ ಇದೆ, ಫೋಟೋ ಇರೋದು. ನಂಗೂ ಅಂಥದ್ದೊಂದು ಕೊಟ್ರೆ ಚೆನ್ನಾಗಿರತ್ತೆ. ನಲವತ್ತು ವರ್ಷ ಹೊಲದಲ್ಲಿ ನನ್ನ ಯಾರೂ ಮಿಸ್ ಅಂದಿರ್ಲಿಲ್ಲ. ಈಗ ಅಂಗಡಿ ಬೀದೀಲಿ ಹೋದ್ರೂ ಅಂತಾರೆ."