ಭತ್ತ ಕೊಟ್ಟ ತೀರ್ಪು

ಸಿಂಧನೂರಿನ ಪಾರ್ಕಿನಲ್ಲಿ ಟೆನಿಸ್ ಕೋರ್ಟು ಪುಕ್ಕಟೆ ಎಂದು ಕೇಳಿ, ಬೆಳಿಗ್ಗೆ ರ‍್ಯಾಕೆಟ್ ಹಿಡಿದು ಹೋದವನು ಗೇಟಿನಲ್ಲೇ ದಂಗಾಗಿ ನಿಂತೆ. ಕೋರ್ಟಿನ ಎರಡೂ ಬದಿಗೆ, ಬಿಳಿ ಗೆರೆಗೆ ಹತ್ತಿಸಿ ಭತ್ತ ಹರವಿದ್ದಾರೆ!

“ಗೆರಿ ದಾಟಿಲ್ರೀ, ಆಡ್ರಿ,” ಎಂದರು ಭತ್ತ ಕಾಯುತ್ತಿದ್ದ ಹುಲಿಗೆಮ್ಮ.

ಔಷಧದಂಗಡಿಯ ಖಾದರ್ ಸಾಹೇಬರು ನನ್ನೆದುರು ಆಟಕ್ಕೆ ನಿಂತರು. ಕೊನೆಯ ಪಾಯಿಂಟಿಗೆ ನನ್ನ ಚೆಂಡು ಗೆರೆಯ ಬಳಿ ಬಿದ್ದು ಭತ್ತದೊಳಗೆ ಉರುಳಿತು. “ಒಳಗೇ ಬಿತ್ತು!” ಎಂದು ಕೂಗಿದೆ.

ಹುಲಿಗೆಮ್ಮ ಎದ್ದು ಬಂದು ಭತ್ತದಲ್ಲಿ ಮೂಡಿದ್ದ ಕುಳಿ ತೋರಿಸಿದರು. “ಇಲ್ನೋಡ್ರಿ, ಹೊರಗ ಬಿದ್ದೈತಿ.”

ಎಷ್ಟೋ ಅಂಪೈರುಗಳ ಜೊತೆ ಜಗಳಾಡಿದವನು ನಾನು. ಹತ್ತಿರದಿಂದ ನೋಡಲು ಹೆಜ್ಜೆಯಿಟ್ಟೆ.

“ಮೊದ್ಲ ಬೂಟು ಬಿಚ್ರಿ! ಅನ್ನ ಐತಿ ಅದು.”

ಲೇಸು ಬಿಚ್ಚಿ ಬರಿಗಾಲಲ್ಲಿ ಬರುವಷ್ಟರಲ್ಲಿ ಅವರು ಕುಳಿಯನ್ನು ಸವರಿ ಮುಚ್ಚಿಬಿಟ್ಟಿದ್ದರು.