ನಾಲ್ಕಲ್ಲ, ಆರು ತಿಂಗಳು

ನಮ್ಮ ಕಡೆ ಹೆರಿಗೆ ನೋಡುವ, ಚುಚ್ಚುಮದ್ದು ಕೊಡುವ ನರ್ಸಿಗೆ ಬಾಯಮ್ಮ ಎನ್ನುತ್ತಾರೆ. 1997ರಲ್ಲಿ ಹೆಮ್ಮಾಡಿಯಿಂದ ಪಡುವಣಕ್ಕಿರುವ ಕಡಲಬದಿಯ ಕೇರಿಗಳಿಗೆ ಬಾಯಮ್ಮನಾಗಿ ಬಂದಾಗ ನನಗೆ ಇಪ್ಪತ್ತಮೂರು. ತರಬೇತಿಯಲ್ಲಿ ಕಲಿತದ್ದೆಲ್ಲ ಬಾಯಿಪಾಠ. ನಾಲ್ಕು ತಿಂಗಳು ತಾಯಿಹಾಲು, ಆಮೇಲೆ ರಾಗಿ ಹಿಟ್ಟು ಬೇಯಿಸಿದ ಮಣ್ಣಿ ಶುರು ಮಾಡಿ ಎಂದು ಮನೆಮನೆಯ ಜಗಲಿಯಲ್ಲಿ ಕೂತು ಹೇಳುತ್ತಿದ್ದೆ. ಯಾರಾದರೂ ಎದುರು ಮಾತಾಡಿದರೆ, "ನಾನು ಓದಿ ಬಂದವಳು" ಎಂದುಬಿಡುತ್ತಿದ್ದೆ.

ಆ ಕೇರಿಯಲ್ಲಿ ಮೀನು ಮಾರುವ ಒಬ್ಬಳಿದ್ದಳು. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿಯೊಂದಿಗೆ ಬಸ್ಸು ಹತ್ತಿದರೆ ಮನೆ ಸೇರುವಾಗ ಮಧ್ಯಾಹ್ನ. ಚೊಚ್ಚಲ ಮಗನಿಗೆ ನಾಲ್ಕು ತಿಂಗಳು ತುಂಬಿದ್ದೇ ತಡ, ನಾನು ಹೇಳಿದಂತೆ ಮಣ್ಣಿ ಶುರು ಮಾಡಿ, ಮಗುವನ್ನು ಅತ್ತೆಯ ಕೈಗೆ ಕೊಟ್ಟು ವ್ಯಾಪಾರಕ್ಕೆ ಹೊರಟಳು. ಐದನೇ ತಿಂಗಳಲ್ಲಿ ಮಗುವಿಗೆ ಬೇದಿ ಹತ್ತಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಪುಣ್ಯಕ್ಕೆ ಉಳಿಯಿತು. ನಾನು ಹೋಗಿ ಅತ್ತೆ ಸೊಸೆ ಇಬ್ಬರಿಗೂ ಬೈದೆ: ಬಟ್ಟಲು ಕುದಿಸಿರಲಿಕ್ಕಿಲ್ಲ, ಕೈ ತೊಳೆದಿರಲಿಕ್ಕಿಲ್ಲ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು.

ಕೆಲವು ವರ್ಷಗಳ ಮೇಲೆ ಕುಂದಾಪುರದಲ್ಲಿ ನಮಗೆಲ್ಲ ಮರುತರಬೇತಿ ನಡೆಯಿತು. ಪಾಠ ಮಾಡಲು ಬಂದ ಡಾಕ್ಟರಮ್ಮ ನನಗಿಂತ ಚಿಕ್ಕವರು. "ತಾಯಿಹಾಲಿನ ಜೊತೆಗೆ ಮೇಲಾಹಾರ ಯಾವಾಗ?" ಎಂದು ಕೇಳಿದರು. ನಾನೇ ಮೊದಲು ಕೈ ಎತ್ತಿ, "ನಾಲ್ಕು ತಿಂಗಳಿಗೆ" ಎಂದೆ.

"ಮೊದಲು ಹಾಗೇ ಕಲಿಸುತ್ತಿದ್ದರು. ಈಗ ಆರು. ಅಲ್ಲಿಯವರೆಗೆ ಒಂದು ಚಮಚ ನೀರೂ ಬೇಡ" ಎಂದರು. ಬೇಗ ಶುರು ಮಾಡಿದ ಮಕ್ಕಳಲ್ಲಿ ಬೇದಿ ಹೆಚ್ಚು ಎಂದೂ ವಿವರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಊಟದ ಹೊತ್ತಿಗೆ ಅವರ ಹತ್ತಿರ ಹೋಗಿ, "ಇಷ್ಟು ವರ್ಷ ಹೇಳಿದ್ದನ್ನು ಈಗ ಯಾವ ಬಾಯಲ್ಲಿ ತಿರುಗಿಸಿ ಹೇಳಲಿ?" ಎಂದು ಜಗಳಕ್ಕೇ ನಿಂತೆ. ಅವರು ಸಿಟ್ಟಾಗಲಿಲ್ಲ. ತಟ್ಟೆ ಕೆಳಗಿಟ್ಟು, "ಅದೇ ಬಾಯಲ್ಲಿ ಹೇಳಿ. ನಿಮ್ಮನ್ನು ನಂಬಿದವರು ನಿಮ್ಮಿಂದಲೇ ಕೇಳಬೇಕಲ್ಲ" ಎಂದರು. ಆಮೇಲೆ ಕೆಲಸಕ್ಕೆ ಹೋಗುವ ತಾಯಂದಿರು ಹಾಲು ಹಿಂಡಿಟ್ಟು ಹೋಗುವುದು ಹೇಗೆಂದು ನನ್ನೊಬ್ಬಳಿಗೇ ಮತ್ತೊಮ್ಮೆ ಬಿಡಿಸಿ ಹೇಳಿದರು.

ಮೀನಿನವಳಿಗೆ ಆಗಷ್ಟೇ ಎರಡನೆಯದು ಹೆಣ್ಣುಮಗುವಾಗಿತ್ತು. ಅವಳ ಮನೆ ದಾಟಿ ಎರಡು ಸಲ ಮುಂದೆ ಹೋದೆ. ಮೂರನೇ ಸಲ ಅವಳೇ ಕರೆದಳು: "ಹ್ವಾಯ್ ಬಾಯಮ್ಮ, ಈ ಬದಿ ಬಪ್ಪುದೇ ಬಿಟ್ರಿಯಾ?"

ಜಗಲಿಯಲ್ಲಿ ಕೂತು ಹೇಳಿದೆ. ಅವಳು ಮಗುವನ್ನು ಮಡಿಲಲ್ಲಿ ಸರಿಮಾಡಿಕೊಂಡು ನನ್ನನ್ನೇ ನೋಡಿದಳು.

"ಅಂದ್ ನಾಕ್ ಅಂದ್ರಿ, ಈಗ ಆರ್ ಅಂದ್ರಿ. ಎರಡ್ರಗೆ ಯಾವ್ದ್ ಸುಳ್ಳ್?"

"ಸುಳ್ಳು ಹೇಳಲಿಲ್ಲ. ಅಂದು ನನಗೆ ಗೊತ್ತಿದ್ದದ್ದೇ ಅಷ್ಟು."

"ಹಂಗಾರೆ ಮಗ ಆಸ್ಪತ್ರಿಗೆ ಬಿದ್ದದ್ದ್?"

ಬೇಗ ಮಣ್ಣಿ ಕೊಟ್ಟದ್ದರಿಂದಲೇ ಎಂದು ಯಾರು ಖಂಡಿತವಾಗಿ ಹೇಳಬಲ್ಲರು? ಅದರಿಂದಲ್ಲ ಎಂದೂ ಹೇಳಲಾಗಲಿಲ್ಲ. "ಅದರಿಂದಲೇ ಇರಬಹುದು. ನಿನಗೆ ಬೈದದ್ದು ತಪ್ಪಾಯಿತು" ಎಂದೆ. ಒಳಗಿದ್ದ ಅತ್ತೆ ಬಾಗಿಲಿಗೆ ಬಂದು ನಿಂತರು. ಆ ಕೇರಿಯಲ್ಲಿ ನಾನು ತಪ್ಪಾಯಿತು ಎಂದದ್ದು ಅದೇ ಮೊದಲು.

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು, "ಆಯ್ತ್. ವ್ಯಾಪಾರ ಬಿಟ್ಟ್ ಆರ್ ತಿಂಗ್ಳ್ ಕೂಕಂಬುಕೆ ಆತ್ತಾ? ಅದ್ಕ್ ಎಂತ ಮಾಡುದ್, ಅದನ್ನ್ ಹೇಳಿ" ಎಂದಳು.

ಕಲಿತದ್ದು ಉಪಯೋಗಕ್ಕೆ ಬಂತು. ಕುದಿಸಿದ ಸ್ಟೀಲ್ ಲೋಟಕ್ಕೆ ಹಾಲು ಹಿಂಡಿ ಮುಚ್ಚಿಡುವುದು, ಅತ್ತೆ ಅದನ್ನು ಚಮಚದಲ್ಲಿ ಕುಡಿಸುವುದು, ಇಷ್ಟನ್ನೂ ಮಾಡಿ ತೋರಿಸಿದೆ. ಅತ್ತೆಗೆ ನಂಬಿಕೆ ಬರಲು ಒಂದು ವಾರ ಬೇಕಾಯಿತು. ವಾರವಿಡೀ ನಾನು ಹೋಗಿ ಪಕ್ಕದಲ್ಲಿ ಕೂತೆ. ಆರು ತಿಂಗಳಲ್ಲಿ ಆ ಮಗುವಿಗೆ ಒಮ್ಮೆಯೂ ಬೇದಿಯಾಗಲಿಲ್ಲ. ಮುಂದಿನ ತಾಯಂದಿರ ಸಭೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ಎದ್ದು ಎಲ್ಲರಿಗೂ ಹೇಳಿಕೊಟ್ಟಳು, ನನಗಿಂತ ಚೆನ್ನಾಗಿ.

ಅಂದಿನಿಂದ ಯಾವ ತರಬೇತಿ ಇದ್ದರೂ ನಾನು ಮುಂದಿನ ಸಾಲಿನಲ್ಲಿ ಕೂತೆ. ಬಡ್ತಿಯ ಓದು ಓದಿದೆ, ಬ್ರಹ್ಮಾವರದ ಕಡೆಗೆ ಮೇಲ್ವಿಚಾರಕಿಯಾಗಿ ಹೋದೆ. ಅಲ್ಲಿ ತಾಯಿ ಮಕ್ಕಳ ವಿವರವನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕಾಗಿ ಬಂದಾಗ, ನನ್ನ ಕೈಕೆಳಗಿನ ಹುಡುಗಿಯ ಪಕ್ಕ ಕುರ್ಚಿ ಎಳೆದು ಕೂತು ಕಲಿತೆ. ನಾಚಿಕೆಯಾಗಲಿಲ್ಲ.

ಹೊಸಬರಿಗೆ ಪಾಠ ಮಾಡುವ ಕೆಲಸ ಬಂದಾಗ ಮೊದಲ ದಿನ ಈ ಕತೆಯನ್ನೇ ಹೇಳುತ್ತಿದ್ದೆ. ಒಮ್ಮೆ ಒಬ್ಬಳು ಎದ್ದು, "ನೀವು ಇವತ್ತು ಹೇಳಿದ್ದೂ ನಾಳೆ ಬದಲಾದರೆ, ಮೇಡಂ?" ಎಂದಳು. ಉಳಿದವರು ನಕ್ಕರು. ನನಗೆ ಮಾತ್ರ ಅವಳ ಮೇಲೆ ಪ್ರೀತಿ ಉಕ್ಕಿತು. "ಬದಲಾದದ್ದು ನಿನಗೆ ಮೊದಲು ಗೊತ್ತಾದರೆ ನನಗೊಂದು ಫೋನ್ ಮಾಡು" ಎಂದೆ.